ವಿರೋಧದ ಚೀಟಿ

ಹೈಸ್ಕೂಲಿಗೆ ಹೊಸದಾಗಿ ಸೇರಿದವರ ತಲೆಗೆ ಹೆಡ್ಮೇಷ್ಟ್ರು ಮೊದಲು ಕಟ್ಟುವುದು ಯಾರಿಗೂ ಬೇಡವಾದ ಕೆಲಸವನ್ನು. ಒಬ್ಬರಿಗೆ ಶಾಲೆಯ ಕೈತೋಟ, ಇನ್ನೊಬ್ಬರಿಗೆ ಡ್ರಿಲ್ಲು. ಎಪ್ಪತ್ತರ ದಶಕದ ಮೊದಲಲ್ಲಿ ಹೊಳಲ್ಕೆರೆ ತಾಲ್ಲೂಕಿನ ತಾಳ್ಯಕ್ಕೆ ನಾನು ಸಮಾಜ ಪಾಠದ ಟೀಚರಾಗಿ ಹೋದಾಗ ನನ್ನ ತಲೆಗೆ ಬಂದದ್ದು ಚರ್ಚಾಸ್ಪರ್ಧೆ. "ನೀವು ಚೆನ್ನಾಗಿ ಮಾತಾಡ್ತೀರಲ್ರಿ ಮೇಡಂ, ಮಕ್ಳಿಗೂ ಒಂಚೂರು ಕಲಿಸ್ರಿ" ಎಂದರು ಹೆಡ್ಮೇಷ್ಟ್ರು ಸಿದ್ದಪ್ಪನವರು. ಅದು ಹೊಗಳಿಕೆಯೋ ಬೈಗುಳವೋ ನನಗೆ ಆಗ ತಿಳಿಯಲಿಲ್ಲ. ನಿವೃತ್ತಿಯಾಗುವ ತನಕ ಆ ಕೆಲಸ ನನ್ನನ್ನು ಬಿಡಲಿಲ್ಲ, ನಾನೂ ಅದನ್ನು ಬಿಡಲಿಲ್ಲ. ಬಡ್ತಿ, ವರ್ಗಾವಣೆಗಳ ಕಥೆ ಸರ್ಕಾರದ ಕಡತಗಳಲ್ಲಿ ಇದ್ದೇ ಇದೆ, ಬೇಕಾದವರು ಅಲ್ಲಿ ಓದಿಕೊಳ್ಳಲಿ. ಈಗ ಕೆಲಸಕ್ಕೆ ಸೇರುತ್ತಿರುವ ನಿಮಗೆ ನಾನು ಹೇಳಬೇಕೆಂದಿರುವುದು ಒಂದು ಚೀಟಿಯ ವಿಷಯ. ನಾವು ಗೆದ್ದ ಕಥೆ ಇದು, ಆದ್ದರಿಂದ ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ.

ಆಗ ಚರ್ಚಾಸ್ಪರ್ಧೆ ಎಂದರೆ ಹೀಗಿತ್ತು. ಮೇಷ್ಟ್ರು ಭಾಷಣ ಬರೆದುಕೊಡುವುದು, ಮಕ್ಕಳು ಬಾಯಿಪಾಠ ಮಾಡಿ ವೇದಿಕೆಯ ಮೇಲೆ ಒಪ್ಪಿಸುವುದು. ಪರವಾಗಿ ಒಬ್ಬ, ವಿರೋಧವಾಗಿ ಒಬ್ಬ. ಎರಡೂ ಭಾಷಣ ನನ್ನವೇ. ಮೊದಲ ವರ್ಷ ಹಿರಿಯೂರಿನ ಸ್ಪರ್ಧೆಗೆ 'ಹಳ್ಳಿಯ ಬದುಕು ಪೇಟೆಯ ಬದುಕಿಗಿಂತ ಮೇಲು' ಎಂಬ ವಿಷಯ ಕೊಟ್ಟಿದ್ದರು. ನನ್ನ ಇಬ್ಬರು ಹುಡುಗರೂ ಒಂದೇ ಮರದ ಕೆಳಗೆ ಕೂತು ಬಾಯಿಪಾಠ ಮಾಡಿದ್ದರು. ಅಲ್ಲೇ ಎಡವಟ್ಟಾಯಿತು. ವಿರೋಧವಾಗಿ ಶುರು ಮಾಡಿದ ಹುಡುಗ ಪೇಟೆಯನ್ನು ಹಾಡಿ ಹೊಗಳುತ್ತಾ ಹೋಗಿ, ಅರ್ಧದಲ್ಲಿ ಗೆಳೆಯನ ಭಾಷಣಕ್ಕೆ ಜಾರಿಬಿಟ್ಟ. "ಆದ್ದರಿಂದ ಹಳ್ಳಿಯೇ ಸ್ವರ್ಗ" ಎಂದು ಮುಗಿಸಿ ಕೈಮುಗಿದ. ಬಬ್ಬೂರಿನಿಂದ ಬಂದಿದ್ದ ತೀರ್ಪುಗಾರರೊಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕು, "ಎರಡೂ ಕಡೆಗೂ ನ್ಯಾಯ ಮಾಡಿದಾನೆ, ಇವನ್ನ ಜಡ್ಜ್ ಮಾಡ್ರಿ" ಎಂದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು.

ಅವತ್ತು ತೀರ್ಪುಗಾರರ ಸಾಲಿನಲ್ಲಿ ಚನ್ನಬಸಯ್ಯ ಮೇಷ್ಟ್ರೂ ಇದ್ದರು. ಚಿತ್ರದುರ್ಗದ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುತ್ತಿದ್ದ ಪ್ರೊಫೆಸರು, ನನ್ನ ಗುರುಗಳು. ಕಾಲೇಜಿನಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ನನ್ನನ್ನು ಎಬ್ಬಿಸಿ ವೇದಿಕೆ ಹತ್ತಿಸಿದವರು ಅವರೇ. ಸಂಸ್ಕೃತ, ಕನ್ನಡ, ಇಂಗ್ಲಿಷು ಮೂರರಲ್ಲೂ ಓದಿದವರು, ಹಣೆಯಲ್ಲಿ ವಿಭೂತಿ, ಬಿಳಿ ಪಂಚೆ, ಕರಿ ಕೋಟು. ಸಭೆ ಮುಗಿದ ಮೇಲೆ ನನ್ನನ್ನು ಕರೆದರು.

"ಏನಮ್ಮಾ ಗಿರಿಜಾ, ಮಕ್ಳಿಗೆ ಗಿಣಿಪಾಠ ಹೇಳ್ಕೊಡ್ತಿದೀಯಾ? ನಿನಗೆ ನಾನು ಹಿಂಗಾ ಕಲಿಸಿದ್ದು?"

"ಇಲ್ಲ ಸಾರ್, ಎಲ್ಲಾರೂ ಹಿಂಗೇ ಮಾಡ್ತಾರೆ ಅಂತ..."

"ಎಲ್ಲಾರೂ ಮಾಡ್ತಾರೆ ಅನ್ನೋದು ಪ್ರಮಾಣ ಅಲ್ಲ."

ಮರುವರ್ಷದಿಂದ ಮೇಷ್ಟ್ರು ಇಡೀ ಜಿಲ್ಲೆಯಲ್ಲಿ ಚೀಟಿಯ ಪದ್ಧತಿ ತಂದರು. ವಿಷಯ ಮೊದಲೇ ತಿಳಿಸುತ್ತಾರೆ, ಆದರೆ ಯಾವ ಕಡೆ ಮಾತಾಡಬೇಕೆಂಬುದು ವೇದಿಕೆಯ ಮೆಟ್ಟಿಲ ಹತ್ತಿರ ಚೀಟಿ ಎತ್ತಿದ ಮೇಲೇ ಗೊತ್ತಾಗುವುದು. ಕೆಲವು ಚೀಟಿಗಳಲ್ಲಿ 'ಪರ', ಕೆಲವುಗಳಲ್ಲಿ 'ವಿರೋಧ'. ಹೀಗಾಗಿ ಪ್ರತಿ ಮಗುವೂ ಎರಡೂ ಕಡೆಯಿಂದ ಯೋಚಿಸಿಕೊಂಡು ಬರಲೇಬೇಕು. ನಾನು ಭಾಷಣ ಬರೆಯುವುದನ್ನು ಬಿಟ್ಟೆ. ಮಕ್ಕಳನ್ನು ಕೂರಿಸಿಕೊಂಡು ಜಗಳ ಆಡಿಸಲು ಶುರು ಮಾಡಿದೆ. ಹೊಸಬರು ನೀವು ಬೇಕಾದರೆ ಮಾಡಿ ನೋಡಿ, ಭಾಷಣ ಬರೆದುಕೊಡುವುದಕ್ಕಿಂತ ಹತ್ತು ಪಟ್ಟು ಕಷ್ಟ, ನೂರು ಪಟ್ಟು ಸುಖ.

ಒಂದು ಸಲ ಬೇಸಾಯದಲ್ಲಿ ಊಟದ ಬೆಳೆ ಮುಖ್ಯವೋ ಹಣದ ಬೆಳೆ ಮುಖ್ಯವೋ ಎಂಬ ವಿಷಯ ಬಂತು. ಭೀಮಸಮುದ್ರದ ಅಡಿಕೆ ವ್ಯಾಪಾರಿಯೊಬ್ಬರ ಮಗ ಚೀಟಿ ಎತ್ತಿದ, ಅಡಿಕೆಯ ವಿರುದ್ಧ ಮಾತಾಡುವ ಪಾಳಿ ಬಂತು. ಹುಡುಗ ಎಷ್ಟು ಚೆನ್ನಾಗಿ ಮಾತಾಡಿದನೆಂದರೆ ಎರಡನೇ ಬಹುಮಾನ ಹೊಡೆದ. ಮಾರನೇ ವಾರ ಅವನ ಅಪ್ಪ ಮೋಟರ್ ಬೈಕಿನಲ್ಲಿ ಚನ್ನಬಸಯ್ಯ ಮೇಷ್ಟ್ರ ಮನೆ ಬಾಗಿಲಿಗೆ ಬಂದರು. ನಾನೂ ಅಲ್ಲಿದ್ದೆ.

"ಏನ್ರೀ ಸ್ವಾಮಿ, ನಮ್ಮನೇಲಿ ಉಂಡು ನಮ್ಮಡಿಕೆನೇ ಬೈಯಾಂಗೆ ಮಾಡಿದ್ರಲ್ರಿ! ಊರ್ನಾಗೆ ತಲೆ ಎತ್ತಾಂಗಿಲ್ಲ."

ಮೇಷ್ಟ್ರು ಅವರನ್ನು ಕೂರಿಸಿ, ಮಗ ಆಡಿದ ಮಾತುಗಳನ್ನು ಒಂದೊಂದಾಗಿ ಹೇಳಿದರು. ವ್ಯಾಪಾರಿ ಕೇಳುತ್ತಾ ಕೇಳುತ್ತಾ ಮೀಸೆಯಲ್ಲಿ ನಕ್ಕರು. "ಹಂಗಂದ್ನಾ? ರೇಟು ಬಿದ್ದ್ ವರ್ಷ ಅಡಿಕೆ ಬೇಯಿಸ್ಕಂಡು ತಿನ್ನಾಕಾಗ್ತೈತಾ ಅಂದ್ನಾ? ಅಬ್ಬಾ, ಇವನು ನಾಳೆ ನನ್ನ ಮಂಡೀನ ನಡೆಸ್ತಾನೆ ಬಿಡ್ರಿ" ಎಂದು ಕಾಫಿ ಕುಡಿದು ಹೋದರು. ಅಂಥ ಮೇಷ್ಟ್ರು ನಮ್ಮ ಚನ್ನಬಸಯ್ಯನವರು. ಇದನ್ನು ಮೊದಲೇ ಹೇಳಿದ್ದೇಕೆಂದರೆ, ಮುಂದಿನದನ್ನು ಓದಿ ನೀವು ಅವರನ್ನು ಸಣ್ಣವರೆಂದು ತಿಳಿಯಬಾರದು.

ಆ ಹೊತ್ತಿಗೆ ಕಾಲೇಜುಗಳಲ್ಲಿ ಮುಷ್ಕರಗಳು ಜೋರಾಗಿದ್ದವು. ಒಂದು ದಿನ ಹುಡುಗರು ಕಾಲೇಜಿನ ಕಿಟಕಿಗಳಿಗೆ ಕಲ್ಲು ಹೊಡೆದರು, ಅಡ್ಡ ಬಂದ ಮೇಷ್ಟ್ರನ್ನು ಗೇಟಿನ ಮುಂದೆ ಬಿಸಿಲಲ್ಲಿ ನಿಲ್ಲಿಸಿ ಏಕವಚನದಲ್ಲಿ ಕೂಗಿದರು. ಕೂಗಿದವರಲ್ಲಿ ಅವರೇ ಮಾತು ಕಲಿಸಿದ ಹುಡುಗರಿದ್ದರು. ಆ ಅವಮಾನವನ್ನು ಮೇಷ್ಟ್ರು ಮರೆಯಲಿಲ್ಲ. ಮರೆಯಬೇಕಿತ್ತು ಎಂದು ನಾನು ಹೇಳಲಾರೆ, ಆದರೆ ಅವರು ಅದನ್ನು ಸಿದ್ಧಾಂತ ಮಾಡಿಕೊಂಡರು. ಪ್ರಶ್ನೆ ಕೇಳುವ ಚಾಳಿ ನಮಗೆ ಹೊರಗಿನಿಂದ ಬಂದದ್ದು, ನಮ್ಮ ಸಮಾಜ ನಿಂತಿರುವುದು ಹಿರಿಯರ ಮಾತು, ಕರ್ತವ್ಯ, ಒಪ್ಪಿಗೆ ಇವುಗಳ ಮೇಲೆ ಎಂದು ಒಂದು ಸಣ್ಣ ಪುಸ್ತಕ ಬರೆದರು. ತುರ್ತುಪರಿಸ್ಥಿತಿ ಬಂದದ್ದೇ ಆ ಪುಸ್ತಕಕ್ಕೆ ರೆಕ್ಕೆ ಬಂತು. ಕಚೇರಿ ಕಚೇರಿಗೆ ಹಂಚಿದರು. ಮೇಷ್ಟ್ರನ್ನು ಊರೂರಿಗೆ ಜೀಪಿನಲ್ಲಿ ಕರೆದುಕೊಂಡು ಹೋಗಿ ಭಾಷಣ ಮಾಡಿಸಿದರು.

ಇಲ್ಲಿ ಒಂದು ಮಾತು ಬಿಡಿಸಿ ಹೇಳುತ್ತೇನೆ. ಜನರ ಬಾಯಿ ಮುಚ್ಚಿಸುವುದು ಅಧಿಕಾರಿಗಳಿಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿರುವುದು ದೊಡ್ಡ ಗುಣ, ಅದೇ ನಮ್ಮ ಪರಂಪರೆ ಎಂದು ಹೇಳಲು ಅವರಿಗೆ ಬರುತ್ತಿರಲಿಲ್ಲ. ಅದನ್ನು ಹೇಳಿಕೊಟ್ಟವರು ಓದಿದವರು. ಬರೀ ಹೆದರಿಸಿದ್ದರೆ ಜನ ಒಳಗೊಳಗೇ ಬೈದುಕೊಂಡಾದರೂ ಇರುತ್ತಿದ್ದರು. ವಿಭೂತಿ ಹಚ್ಚಿದ ಪ್ರೊಫೆಸರು ಬಂದು ಶಾಸ್ತ್ರದ ಮಾತಿನಲ್ಲಿ ಹೇಳಿದಾಗ, ಹೌದಲ್ಲವೇ ಅನ್ನಿಸಿಬಿಡುತ್ತದೆ. ಮನೆಯಲ್ಲಿ ಮಗಳನ್ನು, ಹೊಲದಲ್ಲಿ ಆಳನ್ನು, ಶಾಲೆಯಲ್ಲಿ ಮಗುವನ್ನು ಸುಮ್ಮನಿರಿಸಬೇಕೆಂದಿದ್ದವರಿಗೆಲ್ಲ ಆ ಪುಸ್ತಕ ಕೈಗೆ ಸಿಕ್ಕ ಕೋಲಾಯಿತು. ನಮ್ಮ ಸಿದ್ದಪ್ಪನವರೂ ಸ್ಟಾಫ್ ರೂಮಿನಲ್ಲಿ ಅದರಿಂದಲೇ ಓದಿ ಹೇಳುತ್ತಿದ್ದರು.  ನನ್ನ ಗುರುಗಳ ಮೇಲೆ ನನಗೆ ಅಷ್ಟು ಸಿಟ್ಟು ಬರಬಹುದೆಂದು ನಾನು ತಿಳಿದಿರಲಿಲ್ಲ.

ಆಮೇಲೆ ಬಂತು ಸುತ್ತೋಲೆ. ಆ ಸಾಲಿನ ಚರ್ಚಾಸ್ಪರ್ಧೆಯ ವಿಷಯ: 'ರಾಷ್ಟ್ರದ ಏಳಿಗೆಗೆ ಸ್ವಾತಂತ್ರ್ಯಕ್ಕಿಂತ ಶಿಸ್ತು ಮುಖ್ಯ.' ಹೊಸ ಪದ್ಧತಿಯಲ್ಲಿ ಎಲ್ಲರೂ ಪರವಾಗಿಯೇ ಮಾತಾಡಬೇಕು. ವಿರೋಧದ ಚೀಟಿ ಇನ್ನು ಇಲ್ಲ. ಪದ್ಧತಿ ರೂಪಿಸಿದವರು ಚನ್ನಬಸಯ್ಯನವರು. ಚೀಟಿ ತಂದ ಕೈಯೇ ಚೀಟಿ ತೆಗೆಯಿತು. ಜಿಲ್ಲಾಮಟ್ಟದ ಸ್ಪರ್ಧೆ ಸರಿಯಾಗಿ ನಡೆದರೆ ಮೇಷ್ಟ್ರು ಶಿಫಾರಸು ಬರೆಯುತ್ತಾರೆ, ಮುಂದಿನ ವರ್ಷದಿಂದ ಇಡೀ ರಾಜ್ಯಕ್ಕೆ ಇದೇ ಮಾದರಿ ಎಂಬ ಸುದ್ದಿಯೂ ಬಂತು.

ತಾಲ್ಲೂಕುಮಟ್ಟದ ಸ್ಪರ್ಧೆಗಳು ಹೇಗೆ ನಡೆದವೆಂದು ಕೇಳಬೇಡಿ. ಹೊಸದುರ್ಗದ್ದನ್ನು ನಾನು ಕಣ್ಣಾರೆ ಕಂಡೆ. ಮೊದಲನೆಯವಳು ಶಿಸ್ತು ಬೇಕು ಎಂದಳು, ಎರಡನೆಯವನು ಬೇಕೇ ಬೇಕು ಎಂದ, ಮೂರನೆಯವನು ಶಿಸ್ತಿಲ್ಲದಿದ್ದರೆ ಹೇಗೆ ಎಂದ. ಇರುವೆ ಸಾಲು ಎಲ್ಲರ ಭಾಷಣದಲ್ಲೂ ಬಂತು. ಕೊನೆಯ ಹುಡುಗ ಎದ್ದು, "ನನಗಿಂತ ಮುಂಚೆ ಮಾತಾಡಿದವರು ಏನು ಹೇಳಿದರೋ ನನ್ನದೂ ಅದೇ, ವಂದನೆಗಳು" ಎಂದು ಕುಳಿತ. ತೀರ್ಪುಗಾರರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ದನಿ ದೊಡ್ಡದಿದ್ದವನಿಗೆ ಬಹುಮಾನ ಕೊಟ್ಟರು.

ಆದರೆ ಸುತ್ತೋಲೆಯ ಕೆಳಗೆ ಒಂದು ಸಾಲಿತ್ತು. ನಮ್ಮ ತರ್ಕ ಪರಂಪರೆಯಂತೆ, ಸ್ಪರ್ಧಿಗಳು ಬೇಕಾದರೆ ಮೊದಲು ಪೂರ್ವಪಕ್ಷವನ್ನು ಹೇಳಿ ಆಮೇಲೆ ಅದನ್ನು ಖಂಡಿಸಬಹುದು ಎಂದು. ಪೂರ್ವಪಕ್ಷ ಎಂದರೆ ಎದುರಾಳಿಯ ವಾದ. ಆ ಸಾಲು ಅಧಿಕಾರಿಗಳದ್ದಾಗಿರಲು ಸಾಧ್ಯವೇ ಇಲ್ಲ. ವಿರೋಧವನ್ನು ತೆಗೆದುಹಾಕಿದ ಮೇಲೂ ಮೇಷ್ಟ್ರೊಳಗಿನ ಪಂಡಿತನಿಗೆ ತಡೆಯಲಾಗಿರಲಿಲ್ಲ. ಪೂರ್ವಪಕ್ಷವಿಲ್ಲದ ಸಿದ್ಧಾಂತ ಅವರ ಲೆಕ್ಕದಲ್ಲಿ ಉಪ್ಪಿಲ್ಲದ ಸಾರು. ಅದನ್ನು ಓದಿದ ಕೂಡಲೇ ಸ್ಟಾಫ್ ರೂಮಿನಲ್ಲಿ ನಾನು ಜೋರಾಗಿ ನಕ್ಕುಬಿಟ್ಟೆ. ಸಿದ್ದಪ್ಪನವರಿಗೆ ಗಾಬರಿಯಾಯಿತು.

"ಏನ್ರೀ ಮೇಡಂ, ನಗಾಡ್ತೀರಲ್ಲ?"

"ಕರಿಯಮ್ಮನ್ನ ಕಳಿಸಾಣ ಸಾರ್ ಈ ಸಲ."

"ಕಳಿಸ್ರಿ, ಬ್ಯಾಡ ಅನ್ನಲ್ಲ. ಆದ್ರೆ ಹುಷಾರ್ರಿ. ಟೀ ಅಂಗ್ಡೀಲಿ ಏನೋ ಅಂದ್ರು ಅಂತ ಒಬ್ಬ ಮೇಷ್ಟ್ರುನ್ನ ಮನೇಗೆ ಕಳ್ಸಿದಾರಂತೆ. ನಮ್ಮನ್ನ ಯಾರು ಕೇಳ್ತಾರೆ?"

ಅವರ ಭಯ ಸುಳ್ಳಲ್ಲ. ನನ್ನ ಕೆಲಸವೂ ಆಗಿನ್ನೂ ಖಾಯಂ ಆಗಿರಲಿಲ್ಲ.

ಕರಿಯಮ್ಮ ನಮ್ಮ ಹತ್ತನೇ ಕ್ಲಾಸಿನ ಹುಡುಗಿ, ಹತ್ತಿರದ ಹಟ್ಟಿಯ ಕುರಿ ಸಾಕುವ ಮನೆಯವಳು. ಮಾತು ಕಮ್ಮಿ, ಆಡಿದರೆ ನೆಟ್ಟಗೆ. ಹೊಳಲ್ಕೆರೆಯ ತಾಲ್ಲೂಕು ಸ್ಪರ್ಧೆಯಲ್ಲಿ ಅವಳು ಎಲ್ಲರಂತೆ ಬರೀ ಪರವಾಗಿ ಮಾತಾಡಿ ಗೆದ್ದಳು. ಜಿಲ್ಲಾಮಟ್ಟಕ್ಕೆ ಅವಳನ್ನು ಕೂರಿಸಿಕೊಂಡು, ಮೇಷ್ಟ್ರು ನನಗೆ ಕಲಿಸಿದ್ದನ್ನೇ ಕಲಿಸಿದೆ. ಎದುರಾಳಿಯ ವಾದವನ್ನು ಅವನೇ ತಲೆದೂಗುವಷ್ಟು ಚೆನ್ನಾಗಿ ಹೇಳು, ಆಮೇಲೆ ಖಂಡಿಸು. ಕುಂಟು ಪೂರ್ವಪಕ್ಷವನ್ನು ಸೋಲಿಸುವುದು ಗೆಲುವಲ್ಲ. ಅರ್ಧ ಸಮಯ ಪೂರ್ವಪಕ್ಷಕ್ಕೆ, ಇನ್ನರ್ಧ ಖಂಡನೆಗೆ ಎಂದು ನಾವು ಮಾತಾಡಿಕೊಂಡೆವು. ಇಡೀ ಜಿಲ್ಲೆಯ ಮುಂದೆ ಆ ಕಡೆಯ ಮಾತು ಅರ್ಧವಾದರೂ ಕೇಳಿಬರಲಿ ಎಂಬಷ್ಟೇ ನನ್ನ ಆಸೆಯಾಗಿತ್ತು. ಕರಿಯಮ್ಮನ ಮನಸ್ಸಿನಲ್ಲಿ ಬೇರೆಯದೇ ಇತ್ತು.

ಮಾತು ಕಡಿಮೆ ಮಾಡಿ ಎಂದು ಬರೆದಿದ್ದ ಬಸ್ಸಿನಲ್ಲಿ ನಾವು ಮಾತಿನ ಸ್ಪರ್ಧೆಗೆ ಚಿತ್ರದುರ್ಗಕ್ಕೆ ಹೋದೆವು. ಸಭಾಂಗಣ ತುಂಬಿತ್ತು. ವೇದಿಕೆಯ ನಡುವೆ ಜಿಲ್ಲೆಯ ಹಿರಿಯ ಅಧಿಕಾರಿ, ಎಲ್ಲರ ಬಾಯಲ್ಲಿ ಸಾಹೇಬರು. ಅವರ ಪಕ್ಕದಲ್ಲಿ ಮುಖ್ಯ ತೀರ್ಪುಗಾರರಾಗಿ ಚನ್ನಬಸಯ್ಯ ಮೇಷ್ಟ್ರು. ಸಮಯ ನೋಡಿ ಗಂಟೆ ಹೊಡೆಯುವ ಕೆಲಸ ನನಗೆ ಬಂತು. ಆಗೆಲ್ಲ ಹಾಗೇ, ದೊಡ್ಡ ಕುರ್ಚಿಗಳೆಲ್ಲ ಗಂಡಸರಿಗೆ ಹಂಚಿಹೋದ ಮೇಲೆ, "ಗಂಟೆ ಹೊಡಿಯಾಕೆ ಮೇಡಂ ಅದಾರಲ್ಲ" ಎನ್ನುತ್ತಿದ್ದರು. ತಲಾ ನಾಲ್ಕು ನಿಮಿಷ. ಮೂರಕ್ಕೆ ಎಚ್ಚರಿಕೆಯ ಗಂಟೆ, ನಾಲ್ಕಕ್ಕೆ ಕೊನೆಯದು. ಸ್ಪರ್ಧೆಯ ಮೊದಲು ಸಾಹೇಬರು ಎದ್ದು ನಿಂತು, "ಶಿಸ್ತಿನ ಬಗ್ಗೆ ಮಾತಾಡೋ ಸಭೆ ಇದು. ಕೊನೇ ಗಂಟೆ ಆದ ಮೇಲೆ ಒಂದು ಅಕ್ಷರಾನೂ ಆಡಬಾರದು, ಯಾರೇ ಆಗಲಿ" ಎಂದು ಗಟ್ಟಿಯಾಗಿ ಹೇಳಿದರು. ಪಾಪ, ಒಬ್ಬ ಹುಡುಗ ಜೈಹಿಂದ್ ಹೇಳಲು ಹೋಗಿ ಅರ್ಧಕ್ಕೇ ನುಂಗಿಕೊಂಡು ಇಳಿದ.

ಕರಿಯಮ್ಮನ ಸರದಿ ಬರುವ ಹೊತ್ತಿಗೆ ಅರ್ಧ ಸಭೆ ತೂಕಡಿಸುತ್ತಿತ್ತು. ಅವಳು ಮೈಕಿನ ಮುಂದೆ ನಿಂತು, ನಾನು ವಿಷಯದ ಪರವಾಗಿ ಮಾತಾಡಲು ಬಂದಿದ್ದೇನೆ, ಶಾಸ್ತ್ರದ ಪದ್ಧತಿಯಂತೆ ಮೊದಲು ಪೂರ್ವಪಕ್ಷ ಹೇಳುತ್ತೇನೆ ಎಂದಳು. ಮೇಷ್ಟ್ರು ನೆಟ್ಟಗೆ ಕುಳಿತರು. ಬೆಳಗಿನಿಂದ ಒಬ್ಬರೂ ಆ ಸಾಲನ್ನು ಬಳಸಿರಲಿಲ್ಲ.

"ಶಿಸ್ತು ಅಂದರೆ ಕುರಿ ಮಂದೆ ಹಾಗೆ ಒಂದರ ಹಿಂದೆ ಒಂದು ನಡೆಯೋದು ಅಂತಾರೆ. ಹಾಗನ್ನೋರು ಕುರಿ ಕಾಯ್ದಿಲ್ಲ ಎಂದು ವಿರೋಧಿಗಳು ಹೇಳುತ್ತಾರೆ. ಕುರಿ ತಲೆ ಬಗ್ಗಿಸ್ಕೊಂಡು ಮುಂದಿನದರ ಹಿಂದೆ ಹೋಗುತ್ತೆ. ಮುಂದಿನದು ಬಾವಿಗೆ ಬಿದ್ದರೆ ಹಿಂದಿನವೂ ಬೀಳುತ್ತವೆ. ಅದಕ್ಕೇ ಮಂದೆಯೊಳಗೆ ನಾಲ್ಕು ಆಡು ಬಿಟ್ಟಿರ್ತಾರೆ. ಆಡು ತಲೆ ಎತ್ತಿ ನೋಡುತ್ತೆ, ಬೇಡ ಅನಿಸಿದ ಕಡೆ ಹೆಜ್ಜೆ ಇಡಲ್ಲ. ಮಂದೆ ಉಳಿಯೋದು ಮಾತು ಕೇಳದ ಆಡಿನಿಂದ ಎಂದು ವಿರೋಧಿಗಳು ಹೇಳುತ್ತಾರೆ."

ಹಿಂದಿನ ಬೆಂಚುಗಳಲ್ಲಿ ಯಾರೋ ನಕ್ಕರು. ತೂಕಡಿಸುತ್ತಿದ್ದವರು ಎದ್ದು ಕುಳಿತರು.

"ಹಿರಿಯರ ಮಾತು ಮೀರಬಾರದು ಅಂತೀವಿ. ನಮ್ಮ ಹಟ್ಟಿಯಲ್ಲಿ ಕಂಬಳಿ ಹಾಸಿ ನ್ಯಾಯಕ್ಕೆ ಕೂತರೆ, ಎಲ್ಲರಿಗಿಂತ ಹಿರಿಯಜ್ಜ ಎಲ್ಲರಿಗಿಂತ ಕೊನೆಗೆ ಮಾತಾಡ್ತಾನೆ. ಅವನೇ ಮೊದಲು ಹೇಳಿಬಿಟ್ಟರೆ ಉಳಿದವರು ನಿಜ ಹೇಳಲ್ಲ. ಕಿರಿಯರ ಬಾಯಿ ಮುಚ್ಚಿಸೋದು ಹಿರಿತನ ಅಲ್ಲ, ಅವರ ಮಾತು ಮುಗಿಯೋ ತನಕ ಕಾಯೋದು ಹಿರಿತನ ಎಂದು ವಿರೋಧಿಗಳು ಹೇಳುತ್ತಾರೆ."

ನಾನು ಎಚ್ಚರಿಕೆಯ ಗಂಟೆ ಹೊಡೆದೆ. ಖಂಡನೆಯನ್ನು ಅವಳು ಆಗಲೇ ಶುರು ಮಾಡಬೇಕಾಗಿತ್ತು. ಅವಳು ನನ್ನ ಕಡೆ ನೋಡಿ, ಕೇಳಿಸಿತು ಎಂಬಂತೆ ತಲೆ ಅಲ್ಲಾಡಿಸಿ, ಮತ್ತೆ ಪೂರ್ವಪಕ್ಷಕ್ಕೇ ಹೋದಳು. 

"ಕೊನೆಯದಾಗಿ, ನಮ್ಮ ಸಮಾಜ ಒಪ್ಪಿಗೆ ಮೇಲೆ ನಿಂತಿದೆ ಅಂತ ದೊಡ್ಡವರು ಬರೆದಿದ್ದಾರೆ. ಬೇಡ ಅನ್ನೋಕೆ ಆಗದ ಕಡೆ ಹೂಂ ಅಂದರೆ ಅದು ಒಪ್ಪಿಗೆ ಹೇಗಾಗುತ್ತೆ ಎಂದು ವಿರೋಧಿಗಳು ಕೇಳುತ್ತಾರೆ. ಹೆಣ್ಣು ಕೇಳೋಕೆ ಬಂದಾಗ ಹುಡುಗಿ ಬಾಯಿಗೆ ಬಟ್ಟೆ ತುರುಕಿ, ಹುಡುಗಿ ಒಪ್ಪಿದಾಳೆ ಅಂತ ಹೇಳಿದ ಹಾಗಾಯ್ತು ಅದು. ನಿಜವಾಗಲೂ ಎಲ್ಲರಿಗೂ ಒಪ್ಪಿಗೆ ಇದ್ದರೆ, ಒಪ್ಪದೆ ಇರೋರನ್ನ ಒಳಗೆ ಹಾಕೋ ಕೆಲಸ ಯಾಕೆ ಬಂತು ಎಂದು ವಿರೋಧಿಗಳು ಕೇಳುತ್ತಾರೆ."

 ಸಾಹೇಬರ ಮುಖ ಕೆಂಪಾಗಿತ್ತು. ನಾಲ್ಕು ನಿಮಿಷವಾಯಿತು, ನಾನು ಕೊನೆಯ ಗಂಟೆ ಹೊಡೆದೆ. ಕರಿಯಮ್ಮ ಒಂದು ಅಕ್ಷರವನ್ನೂ ಆಡದೆ, ಕೈಮುಗಿದು ಮೆಟ್ಟಿಲಿಳಿದಳು. ಅಷ್ಟು ಶಿಸ್ತಾಗಿ ಬೆಳಗಿನಿಂದ ಯಾರೂ ಇಳಿದಿರಲಿಲ್ಲ. ಚಪ್ಪಾಳೆ ಮೊದಲು ಒಂದು ಮೂಲೆಯಲ್ಲಿ ಶುರುವಾಗಿ ಆಮೇಲೆ ಇಡೀ ಸಭಾಂಗಣಕ್ಕೆ ಹಬ್ಬಿತು.

ಸಾಹೇಬರು ಎದ್ದರು. "ಏಯ್, ನಿಲ್ಲಮ್ಮ! ಖಂಡನೆ ಎಲ್ಲಿ? ಇದನ್ನ ಹಿಂಗೇ ಬಿಟ್ಟು ಹೋಗೋದಾ? ವಾಪಸ್ ಬಂದು ಹೇಳು."

ಅವಳು ಗಂಟೆಯ ಕಡೆ ಕೈ ತೋರಿಸಿದಳು. ನಾನು ಎದ್ದು ನಿಂತೆ. "ಕೊನೇ ಗಂಟೆ ಆಗೈತೆ ಸಾರ್. ಯಾರೇ ಆಗಲಿ ಅಂತ ತಾವೇ ಹೇಳಿದ್ರಿ" ಎಂದೆ. ಸಿದ್ದಪ್ಪನವರು ಮೂರನೇ ಸಾಲಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು, ದೇವರ ಹೆಸರು ಹೇಳುತ್ತಿದ್ದರೆಂದು ಕಾಣುತ್ತದೆ.

ಸಾಹೇಬರು ಮೇಷ್ಟ್ರ ಕಡೆ ತಿರುಗಿದರು. "ಪ್ರೊಫೆಸರೇ, ಪುಸ್ತಕ ಬರ್ದಿರೋರು ನೀವು. ನೀವೇ ಖಂಡಿಸ್ರಿ. ಇಷ್ಟು ಜನ ಇದನ್ನೇ ತಲೇಲಿ ಇಟ್ಕೊಂಡು ಮನೇಗೆ ಹೋಗಬಾರದು."

ಚನ್ನಬಸಯ್ಯ ಮೇಷ್ಟ್ರು ಎದ್ದರು. ಕೋಟಿನ ಗುಂಡಿ ಹಾಕಿಕೊಂಡು ಮೈಕಿನ ಹತ್ತಿರ ಬಂದು, "ಗಿರಿಜಾ, ನನಗೂ ನಾಲ್ಕೇ ನಿಮಿಷ" ಎಂದರು. ಆ ಮಾತಿಗೆ ನನ್ನ ಕಣ್ಣು ತುಂಬಿತು. ಬೇರೆ ಯಾರಾದರೂ ಆಗಿದ್ದರೆ ಒಂದು ತಾಸು ಭಾಷಣ ಹೊಡೆಯುತ್ತಿದ್ದರು.

ಹಿಂದಿನ ಮೇಷ್ಟ್ರು ಮರಳಿ ಬಂದಂತಿತ್ತು. ಹುಡುಗಿಯ ಮೊದಲ ವಾದವನ್ನು ಅವಳಿಗಿಂತ ಚೆನ್ನಾಗಿ ಹೇಳಿ, ಆಡು ತಲೆ ಎತ್ತಿದರೂ ಕುರುಬನ ಕೂಗು ಕೇಳುವಷ್ಟು ದೂರದಲ್ಲೇ ಇರುತ್ತದೆ, ಅದನ್ನೂ ಮೀರಿದರೆ ತೋಳದ ಪಾಲು ಎಂದರು. ಚಪ್ಪಾಳೆ ಬಿತ್ತು. ಎರಡನೆಯದಕ್ಕೆ, ಹಿರಿಯಜ್ಜ ಕೊನೆಗೆ ಮಾತಾಡಬಹುದು, ಆದರೆ ಅವನು ಆಡಿದ ಮೇಲೆ ಮಾತಿಲ್ಲ ಎಂದರು. ಅದೂ ಸರಿ ಅನ್ನಿಸಿತು, ಸಾಹೇಬರು ಕುರ್ಚಿಗೆ ಒರಗಿದರು. ಎಚ್ಚರಿಕೆಯ ಗಂಟೆ ಹೊಡೆದೆ.

ಮೇಷ್ಟ್ರು ಮೂರನೆಯದಕ್ಕೆ ಬಂದರು. ಅದನ್ನೂ ತಮ್ಮ ಅಭ್ಯಾಸದಂತೆ ಪೂರ್ತಿ ಬಲ ಕೊಟ್ಟು ಹೇಳಿದರು. ಬೇಡ ಎನ್ನುವ ದಾರಿಯೇ ಇಲ್ಲದ ಕಡೆ ಹೂಂ ಎಂಬುದಕ್ಕೆ ಬೆಲೆ ಇಲ್ಲ. ಹಾಗಿದ್ದ ಮೇಲೆ ಒಪ್ಪಿಗೆಯ ಸಮಾಜ ಎಂದು ಹೇಳುವವನು, ಬೇಡ ಎನ್ನುವವನನ್ನು ಎಲ್ಲರಿಗಿಂತ ಮೊದಲು ಕಾಪಾಡಬೇಕಾಗುತ್ತದೆ. "ಇದಕ್ಕೆ ಸಮಾಧಾನ..." ಎಂದರು. ನಿಂತರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಇದಕ್ಕೆ ಸಮಾಧಾನ" ಎಂದು ಮತ್ತೊಮ್ಮೆ ಹೇಳಿ ಕರಿಯಮ್ಮ ಕುಳಿತಿದ್ದ ಕಡೆ ನೋಡಿದರು. ಒಂದು ಸುಳ್ಳು ತರ್ಕ ಹೂಡಿದ್ದರೆ ಅಲ್ಲಿದ್ದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರಿಗೆ ಗೊತ್ತಾಗುತ್ತಿತ್ತು.

ನಾಲ್ಕು ನಿಮಿಷ ಮುಗಿಯಿತು. ಗುರುವಿನ ಮೇಲೆ 'ಟಣ್' ಎಂದು ಗಂಟೆ ಹೊಡೆಯುವಾಗ ನನ್ನ ಕೈ ನಡುಗಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಡುಗಲಿಲ್ಲ. ಖುಷಿಯಿಂದ ಹೊಡೆದೆ.

"ಮುಂದುವರಿಸ್ರಿ ಪ್ರೊಫೆಸರೇ" ಎಂದರು ಸಾಹೇಬರು.

"ಇಲ್ಲ ಸಾಹೇಬರೇ, ಗಂಟೆ ಆಯ್ತು" ಎಂದು ಮೇಷ್ಟ್ರು ಹೋಗಿ ಕುಳಿತರು. ಆಗ ಬಿದ್ದ ಚಪ್ಪಾಳೆಯಂಥದ್ದನ್ನು ನನ್ನ ಸೇವೆಯಲ್ಲಿ ಮತ್ತೆ ಕೇಳಲಿಲ್ಲ. ಸೋತವರಿಗೆ ಅಷ್ಟು ಚಪ್ಪಾಳೆ ಬಿದ್ದದ್ದನ್ನಂತೂ ಕಂಡೇ ಇಲ್ಲ.

ಮೊದಲ ಬಹುಮಾನ, ಪರ್ಯಾಯ ಪಾರಿತೋಷಕ ಎರಡೂ ತಾಳ್ಯಕ್ಕೆ ಬಂದವು. ಮೇಷ್ಟ್ರೇ ಕೊಟ್ಟರು. ಕೊಡುವಾಗ ಕರಿಯಮ್ಮನನ್ನು ಕೇಳಿದರು.

"ನಿಜ ಹೇಳು ಮಗಾ. ಖಂಡನೆ ತಯಾರಿ ಮಾಡ್ಕೊಂಡು ಬಂದಿದ್ದೆಯೋ ಇಲ್ಲವೋ?"

"ಬಂದಿದ್ದೆ ಸಾರ್, ಮಿಸ್ ಹೇಳ್ಕೊಟ್ಟಿದ್ರು."

"ಮತ್ತೆ ಯಾಕೆ ಹೇಳಲಿಲ್ಲ?"

"ಅದು ನಿಮ್ಮ ಪುಸ್ತಕದಾಗೇ ಐತಲ್ಲ ಸಾರ್. ಬೆಳಗ್ಗಿಂದ ಎಲ್ಲಾರೂ ಅದನ್ನೇ ಹೇಳಿದ್ರು. ಇದನ್ನ ಒಬ್ರೂ ಹೇಳಿರಲಿಲ್ಲ. ಅದಕ್ಕೇ ಇರೋ ಸಮಯನೆಲ್ಲ ಇದಕ್ಕೇ ಕೊಟ್ಟೆ."

ಮೇಷ್ಟ್ರು ಅವಳ ತಲೆಯ ಮೇಲೆ ಕೈಯಿಟ್ಟರು. ಸಾಹೇಬರು ಹತ್ತಿರ ಬಂದು ಶಿಫಾರಸಿನ ವಿಷಯ ಎತ್ತಿದಾಗ, "ಅದನ್ನ ಕಳಿಸಲ್ಲ ಸಾಹೇಬರೇ. ಪದ್ಧತಿಯಲ್ಲೇ ದೋಷ ಐತೆ. ನಮ್ಮ ವಾದ ಎಲ್ಲಿ ಸೋಲುತ್ತೆ ಅಂತ ಎದುರಿನವರು ಹೇಳದೆ ನಮಗೆ ಗೊತ್ತಾಗಲ್ಲ" ಎಂದರು. ಸಾಹೇಬರು ಹಲ್ಲು ಕಡಿದರು. ಆದರೆ ಏನು ಮಾಡಿಯಾರು? ದೂರು ಬರೆದರೆ, ತಮ್ಮ ಅಧ್ಯಕ್ಷತೆಯಲ್ಲೇ, ತಾವೇ ಹಾಕಿದ ನಿಯಮದಂತೆ ಇಷ್ಟೆಲ್ಲ ನಡೆಯಿತೆಂದು ಬರೆಯಬೇಕು. "ಇವತ್ತು ಇಲ್ಲಿ ಏನೂ ನಡೆದಿಲ್ಲ, ತಿಳೀತೇನ್ರಿ?" ಎಂದು ನಮ್ಮೆಲ್ಲರಿಗೂ ಹೇಳಿ ಜೀಪು ಹತ್ತಿದರು. ಸಿದ್ದಪ್ಪನವರು ಆಮೇಲೆ ಕಣ್ಣು ಬಿಟ್ಟು, "ನಮ್ಮ ಸ್ಕೂಲಿನ ಹುಡುಗಿ ಕಣ್ರಿ!" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾ ಬಸ್‌ಸ್ಟ್ಯಾಂಡಿನ ತನಕ ಪಾರಿತೋಷಕ ಹೊತ್ತು ನಡೆದರು.

ಮೇಷ್ಟ್ರು ತಮ್ಮ ಪುಸ್ತಕವನ್ನು ವಾಪಸು ತೆಗೆದುಕೊಳ್ಳಲಿಲ್ಲ. ಶಿಸ್ತಿನ ವಿಷಯದಲ್ಲಿ ಅವರ ಮನಸ್ಸು ಕೊನೆಯವರೆಗೂ ಅಷ್ಟೇನೂ ಬದಲಾಗಲಿಲ್ಲ. ಆದರೆ ಅವತ್ತಿನಿಂದ ಜೀಪು ಹತ್ತಲಿಲ್ಲ. ಕರೆಯಲು ಬಂದವರಿಗೆ, ಮೂರನೇ ವಾದಕ್ಕೆ ಸಮಾಧಾನ ಇನ್ನೂ ಸಿಕ್ಕಿಲ್ಲ, ಸಿಕ್ಕ ಮೇಲೆ ಬರುತ್ತೇನೆ ಎನ್ನುತ್ತಿದ್ದರು. ಓದಿದವರು ಮಾತು ಕೊಡುವುದನ್ನು ನಿಲ್ಲಿಸಿದರೆ ಅಧಿಕಾರ ಎಷ್ಟು ತೊದಲುತ್ತದೆ ಎಂಬುದನ್ನು ನಾನು ಆ ತಿಂಗಳುಗಳಲ್ಲಿ ನೋಡಿದೆ. ಅವರ ಬದಲು ಭಾಷಣ ಮಾಡಲು ಬಂದವರನ್ನು ಕೇಳಲು ಜನ ಸೇರುತ್ತಿರಲಿಲ್ಲ.

ಮರುವರ್ಷದ ಸುತ್ತೋಲೆಯಲ್ಲಿ ಎರಡು ಬಗೆಯ ಚೀಟಿಗಳು ಮರಳಿ ಬಂದಿದ್ದವು. ತುರ್ತುಪರಿಸ್ಥಿತಿ ಇನ್ನೂ ಇತ್ತು, ಆದ್ದರಿಂದ ಮೇಷ್ಟ್ರು 'ವಿರೋಧ' ಎಂದು ಬರೆಯದೆ 'ಪೂರ್ವಪಕ್ಷ' ಎಂದು ಬರೆದಿದ್ದರು. ಶಾಸ್ತ್ರದ ಮಾತು ಕಂಡು ಕಚೇರಿಯವರು ಕಣ್ಣು ಮುಚ್ಚಿ ಸಹಿ ಹಾಕಿದರು. ಪತ್ರಿಕೆಯವರು ಬರೆಯುವಂತಿರಲಿಲ್ಲ, ವಕೀಲರು ಮಾತಾಡುವಂತಿರಲಿಲ್ಲ, ಮಾತಾಡಿದವರು ಒಳಗಿದ್ದರು. ಅಂಥ ವರ್ಷದಲ್ಲಿ ನಮ್ಮ ಜಿಲ್ಲೆಯಲ್ಲಿ ಸರ್ಕಾರದ ಮೊಹರಿನ ಅಪ್ಪಣೆ ಪಡೆದು, ಮೈಕಿನ ಮುಂದೆ ನಿಂತು ಬೇಡ ಎನ್ನಲು ಅವಕಾಶವಿದ್ದದ್ದು ಹೈಸ್ಕೂಲಿನ ಮಕ್ಕಳಿಗೆ ಮಾತ್ರ. ಹೊಸದುರ್ಗದಿಂದ, ಹಿರಿಯೂರಿನಿಂದ, ಹೊಳಲ್ಕೆರೆಯಿಂದ ಬಂದ ಆ ಮಕ್ಕಳು ಎಷ್ಟು ಚೆನ್ನಾಗಿ ಬೇಡ ಎಂದರೆಂದರೆ, ಬಾಗಿಲಲ್ಲಿ ನಿಂತಿದ್ದ ಪೊಲೀಸಿನವರೂ ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಾಳೆ ಹೊಡೆದರು.